ಪಿಡಿ-ಎಲ್1 ಇದ್ದೂ ಇಮ್ಯುನೋಥೆರಪಿ ಕೈಕೊಟ್ಟರೆ, ಕ್ಯಾನ್ಸರ್ ಕೋಶದ ಮೇಲಿನ ಸಕ್ಕರೆಯ ಪಾಲೆಷ್ಟು?

ಪದರ
ಪಿಡಿ-ಎಲ್1 ಅಂದರೆ ಕ್ಯಾನ್ಸರ್ ಕೋಶದ ಮೇಲಿನ ಒಂದು ಪ್ರೋಟೀನ್; ಅದು ಪ್ರತಿರಕ್ಷಾ ಕೋಶದ ಪಿಡಿ-1 ಗ್ರಾಹಕಕ್ಕೆ ಅಂಟಿ ದಾಳಿಗೆ ಬ್ರೇಕ್ ಹಾಕುತ್ತೆ. ಆ ಬ್ರೇಕ್ ಬಿಡಿಸುವ ಚೆಕ್‌ಪಾಯಿಂಟ್ ಔಷಧದ (ಇಮ್ಯುನೋಥೆರಪಿಯ ಒಂದು ಬಗೆ) ಮಾತು ಬಂದಾಗಲೆಲ್ಲ ಚರ್ಚೆ, ಗಡ್ಡೆಯ ಎಷ್ಟು ಕೋಶ ಪಿಡಿ-ಎಲ್1 ಬಣ್ಣ ಹಿಡಿದವು ಎಂಬ ಶೇಕಡಾವಾರಿನಲ್ಲೇ ಮುಗಿದುಹೋಗುತ್ತೆ. ಆದರೆ 50%ಕ್ಕಿಂತ ಹೆಚ್ಚು ಬಣ್ಣ ಹಿಡಿದ ಗಡ್ಡೆ ಔಷಧಕ್ಕೆ ಜಗ್ಗದೇ ಇರೋದೂ ಉಂಟು, ಬಣ್ಣವೇ ಬಾರದ ಗಡ್ಡೆ ಕುಗ್ಗೋದೂ ಉಂಟು. ಕೋಶದ ಹೊರಮೈಯಲ್ಲಿ ಪ್ರೋಟೀನ್‌ಗೂ ಕೊಬ್ಬಿಗೂ ಅಂಟಿಕೊಂಡಿರುವ ಸಕ್ಕರೆ ಸರಪಳಿಗಳು, ಅಂದರೆ ಗ್ಲೈಕನ್‌ಗಳು, ಇದಕ್ಕೆ ಎಷ್ಟರಮಟ್ಟಿಗೆ ಕಾರಣ?

ನನ್ನ ಪ್ರಶ್ನೆ ಎರಡು. ಪಿಡಿ-ಎಲ್1 ಮೇಲಿನ ಸಕ್ಕರೆಯೇ ಪರೀಕ್ಷೆಯ ದಾರಿ ತಪ್ಪಿಸುತ್ತಿದೆಯೇ? ಇನ್ನೊಂದು, ಕ್ಯಾನ್ಸರ್ ಕೋಶಗಳಿಗೆ ಸಿಯಾಲಿಡೇಸ್ ಕಿಣ್ವ ಹಾಕಿ, ಗ್ಲೈಕನ್‌ಗಳ ತುದಿಯಲ್ಲಿ ಕೂರುವ ಸಿಯಾಲಿಕ್ ಆಮ್ಲವೆಂಬ ಸಕ್ಕರೆ ತೆಗೆದರೆ ಎನ್‌ಕೆ ಕೋಶಗಳು (ಕ್ಯಾನ್ಸರ್ ಕೋಶ ಕೊಲ್ಲಬಲ್ಲ ಒಂದು ಬಗೆಯ ಬಿಳಿ ರಕ್ತಕಣ) ಚುರುಕಾಗಿ ಕೊಲ್ಲುತ್ತವೆ. ಅದೇ ಕೋಶಗಳ ಜೊತೆ ಆರೋಗ್ಯವಂತರ ರಕ್ತದಿಂದ ಬೇರ್ಪಡಿಸಿದ ಟಿ ಕೋಶಗಳನ್ನಿಟ್ಟು (ಇನ್ನೊಂದು ಬಗೆಯ ಬಿಳಿ ರಕ್ತಕಣ) ಪಿಡಿ-1 ತಡೆಯುವ ಆ್ಯಂಟಿಬಾಡಿ ಕೊಟ್ಟರೆ ಫಲಿತಾಂಶ ಅಲ್ಲಾಡುವುದೇ ಇಲ್ಲ. ಯಾಕೆ?

ಸೂಕ್ಷ್ಮದರ್ಶಿ
ಮೊದಲ ಪ್ರಶ್ನೆಗೆ ಉತ್ತರ: ಹೌದು, ಆದರೆ ಎಲ್ಲ ಕ್ಲೋನ್‌ಗಳಲ್ಲೂ (ಬಣ್ಣ ಹಾಕಲು ಬಳಸುವ ಆ್ಯಂಟಿಬಾಡಿಯ ತಳಿಗಳಲ್ಲೂ) ಅಲ್ಲ.

ಪಿಡಿ-ಎಲ್1ನ ಹೊರಭಾಗದಲ್ಲಿ ಎನ್-ಗ್ಲೈಕನ್ (ಆಸ್ಪರಜಿನ್ ಎಂಬ ಅಮೈನೋ ಆಮ್ಲಕ್ಕೆ ಅಂಟುವ ಸಕ್ಕರೆ ಸರಪಳಿ) ಕೂರುವ ಜಾಗ ನಾಲ್ಕು: 35, 192, 200 ಮತ್ತು 219ನೇ ಆಸ್ಪರಜಿನ್. ವೆಸ್ಟರ್ನ್ ಬ್ಲಾಟ್‌ನಲ್ಲಿ (ಪ್ರೋಟೀನ್‌ಗಳನ್ನು ತೂಕದ ಪ್ರಕಾರ ಬೇರ್ಪಡಿಸಿ ಪಟ್ಟಿಯಾಗಿ ನೋಡುವ ಪರೀಕ್ಷೆ) ಸಕ್ಕರೆ ಸಮೇತ ಇರೋದು 45 ಕಿಲೋಡಾಲ್ಟನ್ ಸುತ್ತಮುತ್ತ ಹರಡಿಕೊಂಡ ಪಟ್ಟಿಯಾಗಿ ಕಾಣುತ್ತೆ. ಎನ್-ಗ್ಲೈಕನ್ ಕತ್ತರಿಸುವ ಪಿಎನ್‌ಜಿಯೇಸ್ ಎಫ್ ಕಿಣ್ವ ಹಾಕಿದರೆ ಅದೇ ಪಟ್ಟಿ 33ರ ಹತ್ತಿರ ತೆಳ್ಳಗೆ, ಚೂಪಾಗಿ ಇಳಿಯುತ್ತೆ. ಇಷ್ಟು ದಟ್ಟವಾದ ಸಕ್ಕರೆ ಇದ್ದರೆ ಆ್ಯಂಟಿಬಾಡಿಗೆ ತನ್ನ ಎಪಿಟೋಪ್ (ಅದು ಹಿಡಿಯುವ ಜಾಗ) ಸಿಗೋದು ಕಷ್ಟ. 2019ರಲ್ಲಿ ಕ್ಯಾನ್ಸರ್ ಸೆಲ್ ಪತ್ರಿಕೆಯಲ್ಲಿ ಬಂದ ಕೆಲಸದಲ್ಲಿ ಅಂಗಾಂಶದ ಸ್ಲೈಡ್‌ಗಳಿಂದ ಎನ್-ಗ್ಲೈಕನ್ ತೆಗೆದು 28-8 ಕ್ಲೋನ್‌ನಿಂದ ಬಣ್ಣ ಹಾಕಿದಾಗ, ಮೊದಲು ಕಡಿಮೆ ಎನಿಸಿದ್ದ ಕೆಲವು ಮಾದರಿಗಳಲ್ಲಿ ಬಣ್ಣ ಏರಿತು. ಚಿಕಿತ್ಸೆಯ ಫಲಿತಾಂಶದ ಜೊತೆ ತಾಳೆಯೂ ಉತ್ತಮವಾಯಿತು.

ಗಮನಿಸಬೇಕಾದ್ದು ಇದು: 28-8 ಮತ್ತು 22ಸಿ3 ಹೊರಭಾಗವನ್ನು ಹಿಡಿಯುತ್ತವೆ. ಎಸ್‌ಪಿ142 ಮತ್ತು ಎಸ್‌ಪಿ263 ಕೋಶದ ಒಳಗಿರುವ ಬಾಲದ ತುದಿಯನ್ನು ಹಿಡಿಯುತ್ತವೆ. ಆ ಬಾಲದ ಮೇಲೆ ಎನ್-ಗ್ಲೈಕನ್ ಇಲ್ಲ. ಹಾಗಾಗಿ ಎಸ್‌ಪಿ142ರಲ್ಲಿ ಬಣ್ಣ ಕಡಿಮೆ ಬಂತೆಂದು ಸಕ್ಕರೆಯನ್ನು ದೂರಿದರೆ ಅದು ತಪ್ಪು ಲೆಕ್ಕ.

ಪ್ರೋಟೀನ್‌ಪಟ್ಟಿ
ಮೇಲಿನ ಮಾತಿಗೆ ಪೂರ್ತಿ ಸಹಮತ. ಪಿಎನ್‌ಜಿಯೇಸ್ ಎಫ್ ಬಳಸುವವರಿಗೆ ಒಂದಿಷ್ಟು ಎಚ್ಚರಿಕೆ.

ಬ್ಲಾಟ್‌ಗೆ: ಮಾದರಿಯನ್ನು, ಪ್ರೋಟೀನ್ ಮಡಿಕೆ ಬಿಚ್ಚುವ ಎಸ್‌ಡಿಎಸ್ ಮತ್ತು ಡಿಟಿಟಿ ಇರುವ ಬಫರ್‌ನಲ್ಲಿ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ 10 ನಿಮಿಷ ಕುದಿಸಿ, ತಣಿಸಿ, ಎನ್‌ಪಿ-40 ಮಾರ್ಜಕವನ್ನು 1%ಕ್ಕೆ ಸೇರಿಸಿ, ಆಮೇಲೆ ಕಿಣ್ವ ಹಾಕಿ 37 ಡಿಗ್ರಿಯಲ್ಲಿ ಒಂದು ಗಂಟೆ ಬಿಡಿ. ಎನ್‌ಪಿ-40 ಮರೆತರೆ ಎಸ್‌ಡಿಎಸ್ ಕಿಣ್ವವನ್ನೇ ಕೆಡಿಸುತ್ತೆ. ಆಗ ಪಟ್ಟಿ ಇಳಿಯಲ್ಲ, ನೋಡಿದವರು 'ಇದರಲ್ಲಿ ಸಕ್ಕರೆಯೇ ಇಲ್ಲ' ಅಂತ ಬರೆದುಬಿಡ್ತಾರೆ. ಪಕ್ಕದಲ್ಲೇ, ಸಕ್ಕರೆ ಇದೆಯೆಂದು ಗೊತ್ತಿರುವ ಫೆಟ್ಯುಯಿನ್ ಪ್ರೋಟೀನ್ ಇಟ್ಟುಕೊಳ್ಳಿ; ಅದು ಇಳಿದರೆ ಕಿಣ್ವ ಸರಿ ಇದೆ.

ಸ್ಲೈಡ್‌ಗೆ: ಕಿಣ್ವ ಹಾಕದ ಜೋಡಿ ಸ್ಲೈಡನ್ನು ಅದೇ ಬಫರ್‌ನಲ್ಲಿ, ಅಷ್ಟೇ ಹೊತ್ತು, ಅದೇ ಉಷ್ಣತೆಯಲ್ಲಿ ಇಡಲೇಬೇಕು. ರಾತ್ರಿಯಿಡೀ 37 ಡಿಗ್ರಿಯಲ್ಲಿ ಇಟ್ಟದ್ದಕ್ಕೇ ಎಪಿಟೋಪ್ ತೆರೆದುಕೊಂಡು ಬಣ್ಣ ಏರಬಹುದು. ಹಾಗೆ ಬಫರ್‌ನಲ್ಲಿ ಇಡದ ಸಾಮಾನ್ಯ ಸ್ಲೈಡ್ ಜೊತೆ ಹೋಲಿಸಿ ಬಣ್ಣ ಏರಿತು ಅಂದರೆ ಅದಕ್ಕೆ ಅರ್ಥವಿಲ್ಲ. ಇನ್ನೊಂದು, ಪಿಎನ್‌ಜಿಯೇಸ್ ಎಫ್ ಸಕ್ಕರೆ ಕತ್ತರಿಸುವಾಗ ಆಸ್ಪರಜಿನ್ ಆಸ್ಪಾರ್ಟಿಕ್ ಆಮ್ಲ ಆಗುತ್ತೆ. ಸುಮಾರು 1 ಡಾಲ್ಟನ್ ವ್ಯತ್ಯಾಸ, ಜೊತೆಗೆ ಒಂದು ಋಣ ಆವೇಶ. ಎಪಿಟೋಪ್ ಆ ಜಾಗದ ಪಕ್ಕದಲ್ಲೇ ಇದ್ದರೆ ಅದೂ ಹಿಡಿತ ಬದಲಿಸಬಹುದು.

ಎನ್‌ಕೆ_ಬಳಗ
ಎರಡನೇ ಪ್ರಶ್ನೆ. ಉತ್ತರ ಗ್ರಾಹಕದಲ್ಲಿದೆ.

ಸಿಯಾಲಿಕ್ ಆಮ್ಲವನ್ನು ಗುರುತಿಸೋದು ಸಿಗ್ಲೆಕ್ ಗ್ರಾಹಕಗಳು. ಎನ್‌ಕೆ ಕೋಶದಲ್ಲಿ ಸಿಗ್ಲೆಕ್-7 ಹೇರಳ, ಒಂದು ಗುಂಪಿನಲ್ಲಿ ಸಿಗ್ಲೆಕ್-9 ಕೂಡ. ಇವುಗಳ ಒಳಬಾಲದಲ್ಲಿ ಐಟಿಐಎಂ ಎಂಬ ತಡೆ ಹಾಕುವ ತುಣುಕು ಇರುತ್ತೆ. ಸಿಯಾಲಿಕ್ ಆಮ್ಲ ಹಿಡಿದಾಗ ಎಸ್‌ಎಚ್‌ಪಿ-1, ಎಸ್‌ಎಚ್‌ಪಿ-2 ಎಂಬ ಕಿಣ್ವಗಳು ಬಂದು ಕೂತು ಸಂಕೇತ ಆರಿಸುತ್ತವೆ. ಪಿಡಿ-1 ಮಾಡುವುದೂ ಹೆಚ್ಚುಕಡಿಮೆ ಇದೇ ಕೆಲಸ. ನೀವು ಸಿಯಾಲಿಡೇಸ್ ಹಾಕಿದಾಗ ಎನ್‌ಕೆ ಕೋಶದ ಬ್ರೇಕ್ ಸಡಿಲವಾಯಿತು.

ಆರೋಗ್ಯವಂತರ ರಕ್ತದ ಟಿ ಕೋಶಗಳಲ್ಲಿ ಸಿಗ್ಲೆಕ್-7, 9 ತೀರಾ ಕಡಿಮೆ. ಇಲ್ಲದ ಬ್ರೇಕನ್ನು ಸಡಿಲಿಸಿ ಏನು ಬಂತು? ಗಡ್ಡೆಯೊಳಗೆ ನುಗ್ಗಿದ ಸಿಡಿ8 (ಕೊಲ್ಲುವ ಬಗೆಯ) ಟಿ ಕೋಶಗಳ ಕಥೆ ಬೇರೆ: ಶ್ವಾಸಕೋಶ ಕ್ಯಾನ್ಸರ್‌ನಂಥ ಗಡ್ಡೆಗಳಲ್ಲಿ ಅವುಗಳ ಮೇಲೆ ಸಿಗ್ಲೆಕ್-9 ಕಾಣಿಸಿಕೊಳ್ಳುತ್ತೆ, ಅದೂ ಬಹುಪಾಲು ಪಿಡಿ-1 ಇರುವ ಕೋಶಗಳಲ್ಲೇ. ಪ್ರಯೋಗ ಮಾಡಬೇಕಾದ್ದು ಆ ಕೋಶಗಳಲ್ಲಿ.

ಪದರ
ಹಾಗಾದರೆ ರಕ್ತದ ಟಿ ಕೋಶಗಳನ್ನೇ ಪದೇಪದೇ ಪ್ರಚೋದಿಸಿ ಸುಸ್ತಾಗಿಸಿದರೆ ಸಾಕೇ?

ಎನ್‌ಕೆ_ಬಳಗ
ಪಿಡಿ-1 ಬರುತ್ತೆ. ಸಿಗ್ಲೆಕ್-9 ಬಂದೇ ಬರುತ್ತೆ ಅಂತ ಭರವಸೆ ಇಟ್ಟುಕೊಳ್ಳಬೇಡಿ. ಪ್ರತಿ ದಾನಿಯ ಕೋಶವನ್ನೂ ಫ್ಲೋ ಸೈಟೋಮೆಟ್ರಿಯಲ್ಲಿ (ಒಂದೊಂದೇ ಕೋಶದ ಹೊರಮೈ ಅಳೆಯುವ ವಿಧಾನ) ನೋಡಿಯೇ ಮುಂದಕ್ಕೆ ಹೋಗಿ.

ಲೆಕ್ಟಿನ್‌ಪ್ರಿಯ
ಅದಕ್ಕೂ ಮೊದಲು ಸಿಯಾಲಿಕ್ ಆಮ್ಲ ನಿಜವಾಗಿ ಹೋಗಿದೆಯೇ ಅನ್ನೋದನ್ನ ಖಾತ್ರಿ ಮಾಡ್ಕೊಳ್ಳಿ. ಅರ್ಧಕ್ಕರ್ಧ ಗೊಂದಲ ಇಲ್ಲೇ ಹುಟ್ಟೋದು.

ಲೆಕ್ಟಿನ್ ಅಂದರೆ ಸಕ್ಕರೆ ಹಿಡಿಯುವ ಪ್ರೋಟೀನ್. ಎಸ್‌ಎನ್‌ಎ ಲೆಕ್ಟಿನ್ ಆಲ್ಫಾ-2,6 ಕೊಂಡಿಯ ಸಿಯಾಲಿಕ್ ಆಮ್ಲ ಹಿಡಿಯುತ್ತೆ. ಎಂಎಎಲ್-2 ಹಿಡಿಯೋದು ಆಲ್ಫಾ-2,3 ಕೊಂಡಿಯದ್ದನ್ನ, ಆದರೆ ಸಲ್ಫೇಟ್ ಇರೋ ಗ್ಯಾಲಕ್ಟೋಸನ್ನೂ ಹಿಡಿಯುತ್ತೆ. ಹಾಗಾಗಿ ಸಿಯಾಲಿಡೇಸ್ ನಂತರವೂ ಎಂಎಎಲ್-2 ಸ್ವಲ್ಪ ಉಳಿದರೆ ಕಿಣ್ವ ಸೋತಿದೆ ಅಂತ ತೀರ್ಮಾನಿಸಬೇಡಿ. ಪಿಎನ್‌ಎ ಲೆಕ್ಟಿನ್ ಉಲ್ಟಾ: ಸಿಯಾಲಿಕ್ ಆಮ್ಲ ಹೋಗಿ ಅಡಿಯ ಗ್ಯಾಲಕ್ಟೋಸ್ ಬಯಲಾದಾಗ ಏರುತ್ತೆ. ಎಸ್‌ಎನ್‌ಎ ಇಳೀಬೇಕು, ಪಿಎನ್‌ಎ ಏರಬೇಕು. ಎರಡೂ ಒಟ್ಟಿಗೆ ಆದರೆ ಮಾತ್ರ ನಂಬಿ.

ಕೋಶಗಳನ್ನು ತಟ್ಟೆಯಿಂದ ಎಬ್ಬಿಸಲು ಟ್ರಿಪ್ಸಿನ್ ಬೇಡ, ಹೊರಮೈಯ ಗ್ಲೈಕೋಪ್ರೋಟೀನ್‌ಗಳನ್ನೇ ಕತ್ತರಿಸಿಹಾಕುತ್ತೆ. ಇಡಿಟಿಎ ಬಳಸಿದರೆ ಚೆನ್ನಾಗಿ ತೊಳೆದು, ಕ್ಯಾಲ್ಸಿಯಂ ಇರುವ ಬಫರ್‌ಗೆ ಬನ್ನಿ. ಬ್ಲಾಕ್ ಮಾಡಲು ಸೀರಮ್ ಬಳಸಬಾರದು, ಅದರ ತುಂಬ ಸಿಯಾಲಿಕ್ ಆಮ್ಲ ಇರುವ ಗ್ಲೈಕೋಪ್ರೋಟೀನ್. ಲೆಕ್ಟಿನ್ ಅಲ್ಲೇ ಖರ್ಚಾಗುತ್ತೆ. ಲೆಕ್ಟಿನ್ ಪ್ರಮಾಣ ಮಿಲಿಲೀಟರ್‌ಗೆ 1ರಿಂದ 5 ಮೈಕ್ರೋಗ್ರಾಂನೊಳಗೆ ಶುರು ಮಾಡಿ. ಲೆಕ್ಟಿನ್‌ಗೆ ಹಿಡಿಕೈ ಒಂದಕ್ಕಿಂತ ಹೆಚ್ಚು, ಪ್ರಮಾಣ ಜಾಸ್ತಿ ಆದರೆ ಕೋಶಗಳು ಗುಂಪುಗೂಡಿ ಗಂಟಾಗುತ್ತವೆ, ಆಗ ಫ್ಲೋನಲ್ಲಿ ಅಳೆಯಲು ಒಂಟಿ ಕೋಶಗಳೇ ಸಿಗಲ್ಲ. ಎಸ್‌ಎನ್‌ಎಗೆ 200 ಮಿಲಿಮೋಲಾರ್ ಲ್ಯಾಕ್ಟೋಸ್ ಸೇರಿಸಿದ ಟ್ಯೂಬ್ ಒಂದು ನಿಯಂತ್ರಣವಾಗಿ ಇರಲಿ.

ರಸಾಯನಿ
ಕಿಣ್ವದ ಮೂಲ ಯಾವುದು ಅನ್ನೋದನ್ನ ಯಾರೂ ಕೇಳಲಿಲ್ಲ. ವಿಬ್ರಿಯೊ ಕಾಲರೆ ಸಿಯಾಲಿಡೇಸ್‌ಗೆ ಕ್ಯಾಲ್ಸಿಯಂ ಬೇಕೇ ಬೇಕು. ಕ್ಯಾಲ್ಸಿಯಂ ಇಲ್ಲದ ಪಿಬಿಎಸ್‌ನಲ್ಲಿ ಹಾಕಿದರೆ, ಅದರಲ್ಲೂ ಇಡಿಟಿಎ ಪಸೆ ಇದ್ದರೆ, ಅದು ಸುಮ್ಮನೆ ಕೂರುತ್ತೆ. ಆರ್ಥ್ರೋಬ್ಯಾಕ್ಟರ್ ಯೂರಿಯಾಫೇಸಿಯನ್ಸ್‌ನ ಕಿಣ್ವಕ್ಕೆ ಆ ಕಟ್ಟುಪಾಡಿಲ್ಲ. ಸಾಲ್ಮೊನೆಲ್ಲಾ ಟೈಫಿಮ್ಯೂರಿಯಂನದ್ದು ಆಲ್ಫಾ-2,3 ಕೊಂಡಿಗೆ ಒಲವು ತೋರುತ್ತೆ; ಅದನ್ನು ಬಳಸಿ 'ಸಿಯಾಲಿಕ್ ಆಮ್ಲಕ್ಕೆ ಪಾತ್ರವಿಲ್ಲ' ಅಂದರೆ ಆಲ್ಫಾ-2,6 ಕೊಂಡಿಯದ್ದನ್ನು ಮುಟ್ಟದೆಯೇ ತೀರ್ಪು ಕೊಟ್ಟಂತೆ. ಸಿಯಾಲಿಕ್ ಆಮ್ಲದ 9ನೇ ಇಂಗಾಲದಲ್ಲಿ ಅಸಿಟೈಲ್ ಗುಂಪಿದ್ದರೆ ಬಹುತೇಕ ಕಿಣ್ವಗಳು ನಿಧಾನವಾಗುತ್ತವೆ.

ಇ. ಕೋಲೈನಲ್ಲಿ ತಯಾರಿಸಿದ ಕಿಣ್ವವಾದರೆ ಎಂಡೋಟಾಕ್ಸಿನ್ (ಬ್ಯಾಕ್ಟೀರಿಯಾ ಗೋಡೆಯ ವಿಷ) ನೋಡಿ. ಮ್ಯಾಕ್ರೋಫೇಜ್, ಡೆಂಡ್ರಿಟಿಕ್ ಕೋಶ ಇರುವ ಪ್ರಯೋಗದಲ್ಲಿ ಅದೊಂದೇ ಸಾಕು ಎಲ್ಲ ಸೈಟೋಕೈನ್ ಏರಿಸಲು. ಕುದಿಸಿದ ಕಿಣ್ವದ ನಿಯಂತ್ರಣ ಇದನ್ನು ಬಯಲಿಗೆಳೆಯುತ್ತೆ, ಯಾಕಂದ್ರೆ ಎಂಡೋಟಾಕ್ಸಿನ್ ಕುದಿಸಿದರೆ ಸಾಯಲ್ಲ. ಕುದಿಸಿದ್ದೂ ಅಷ್ಟೇ ಕೆಲಸ ಮಾಡಿದರೆ ಅದು ಸಿಯಾಲಿಕ್ ಆಮ್ಲದ ಪರಿಣಾಮ ಅಲ್ಲ.

ಹೊಸ_ಓದುಗ
ಒಂದು ಸರಳ ಪ್ರಶ್ನೆ. ಊಟದಲ್ಲಿ ಸಕ್ಕರೆ ಬಿಟ್ಟರೆ ಕೋಶದ ಮೇಲಿನ ಈ ಸಕ್ಕರೆ ಕಡಿಮೆಯಾಗುತ್ತಾ?

ಔಷಧಸೂತ್ರ
ಇಲ್ಲ. ಹೊರಮೈಯ ಗ್ಲೈಕನ್‌ಗಳನ್ನು ಕೋಶ ತಾನೇ ಇಆರ್ ಮತ್ತು ಗಾಲ್ಜಿ ಎಂಬ ತನ್ನ ಒಳ ಅಂಗಕಗಳಲ್ಲಿ, ಕಿಣ್ವಗಳ ಸಾಲಿನಿಂದ ಕಟ್ಟಿಕೊಳ್ಳುತ್ತೆ. ಕಚ್ಚಾವಸ್ತುವಿನ ಒಂದು ಪಾಲು ಗ್ಲೂಕೋಸ್‌ನಿಂದ ಬರುವುದು ನಿಜ, ಆದರೆ ರಕ್ತದ ಗ್ಲೂಕೋಸನ್ನು ದೇಹ ಬಿಗಿಯಾಗಿ ಕಾಯುತ್ತೆ, ಸಿಹಿ ಬಿಟ್ಟ ಮಾತ್ರಕ್ಕೆ ಯಾವ ಸರಪಳಿಯೂ ಗಿಡ್ಡವಾಗಲ್ಲ. ಪೆಟ್ ಸ್ಕ್ಯಾನ್‌ನಲ್ಲಿ ಗಡ್ಡೆ ಗ್ಲೂಕೋಸ್ ಎಳೆದುಕೊಳ್ಳೋದು ಕಾಣುತ್ತಲ್ಲ, ಅದು ಶಕ್ತಿಯ ಲೆಕ್ಕ, ಇದು ಬೇರೆಯೇ ವಿಷಯ. ಚಿಕಿತ್ಸೆಯಲ್ಲಿರುವವರು ಈ ನೆಪದಲ್ಲಿ ಊಟ ಕಡಿಮೆ ಮಾಡಿ ತೂಕ ಕಳೆದುಕೊಂಡರೆ ನಷ್ಟ ಅವರಿಗೇ. ದಯವಿಟ್ಟು ಯಾರಿಗೂ ಹಾಗೆ ಸಲಹೆ ಕೊಡಬೇಡಿ.

ಹೊಸ_ಓದುಗ
ಧನ್ಯವಾದ. ಹಾಗಾದರೆ ಸಿಯಾಲಿಕ್ ಆಮ್ಲ ಕತ್ತರಿಸುವ ಔಷಧವನ್ನೇ ಕೊಡಬಹುದಲ್ಲ?

ಎನ್‌ಕೆ_ಬಳಗ
ಆ ದಿಕ್ಕಿನಲ್ಲೇ ಕೆಲಸ ನಡೀತಿದೆ. ರಸಾಯನ ವಿಜ್ಞಾನಿ ಕ್ಯಾರೊಲಿನ್ ಬರ್ಟೊಝಿ ಅವರ ತಂಡ 2016ರಲ್ಲಿ ಟ್ರಾಸ್ಟುಜುಮ್ಯಾಬ್ ಎಂಬ ಸ್ತನ ಕ್ಯಾನ್ಸರ್ ಆ್ಯಂಟಿಬಾಡಿಗೆ ಸಿಯಾಲಿಡೇಸ್ ಜೋಡಿಸಿ, ಅದರ ಗುರಿಯಾದ ಎಚ್‌ಇಆರ್2 ಪ್ರೋಟೀನ್ ಇರುವ ಕೋಶದ ಮೇಲಷ್ಟೇ ಕತ್ತರಿ ಆಡುವ ಹಾಗೆ ಮಾಡಿತು. 2020ರಲ್ಲಿ ಇಲಿಗಳಲ್ಲೂ ಗಡ್ಡೆ ಬೆಳೆಯೋದು ನಿಧಾನವಾಯಿತು. ಮಾನವ ಸಿಯಾಲಿಡೇಸ್‌ನಿಂದ ರೂಪಿಸಿದ ಇ-602 ಮನುಷ್ಯರ ಮೇಲಿನ ಪ್ರಯೋಗದ ಹಂತಕ್ಕೂ ಬಂತು. ನನ್ನ ಮಟ್ಟಿಗೆ ಸಿಯಾಲಿಕ್ ಆಮ್ಲವೇ ಮುಂದಿನ ಪಿಡಿ-1.

ರಸಾಯನಿ
ಇಲ್ಲಿ ನನಗೆ ತಕರಾರಿದೆ. ಸಿಯಾಲಿಕ್ ಆಮ್ಲ ಕಿತ್ತರೆ ಅಡಿಯಲ್ಲಿ ಗ್ಯಾಲಕ್ಟೋಸ್ ಬಯಲಾಗುತ್ತೆ, ಅದನ್ನು ಹಿಡಿಯಲು ಗ್ಯಾಲೆಕ್ಟಿನ್ ಎಂಬ ಪ್ರೋಟೀನ್‌ಗಳು ಕಾದಿರುತ್ತವೆ. ಗ್ಯಾಲೆಕ್ಟಿನ್-1ಕ್ಕೆ ಆಲ್ಫಾ-2,6 ಸಿಯಾಲಿಕ್ ಆಮ್ಲ ಅಡ್ಡಿ. ಆ ಅಡ್ಡಿ ಟಿ ಕೋಶದ ಮೇಲಿಂದ ಹೋದರೆ, ಗಡ್ಡೆ ಸುರಿಸುವ ಗ್ಯಾಲೆಕ್ಟಿನ್-1 ಟಿ ಕೋಶವನ್ನೇ ಸಾಯಿಸಬಹುದು. ಗ್ಯಾಲೆಕ್ಟಿನ್-3, ಟಿ ಕೋಶದ ಇನ್ನೊಂದು ಬ್ರೇಕ್ ಆದ ಎಲ್‌ಎಜಿ-3 ಮೇಲಿನ ಸಕ್ಕರೆ ಹಿಡಿದು ಸಿಡಿ8 ಕೋಶವನ್ನು ತಣ್ಣಗೆ ಮಾಡುತ್ತೆ. ಕಿಣ್ವ ಇಡೀ ದೇಹಕ್ಕೆ ಹರಡಿದರೆ ಪ್ಲೇಟ್‌ಲೆಟ್‌ಗಳ ಸಿಯಾಲಿಕ್ ಆಮ್ಲವೂ ಹೋಗಿ, ಯಕೃತ್ತಿನ ಆಷ್ವೆಲ್-ಮೋರೆಲ್ ಗ್ರಾಹಕ ಅವುಗಳನ್ನು ರಕ್ತದಿಂದ ಎತ್ತಿಹಾಕುತ್ತೆ. ಸಿಯಾಲಿಕ್ ಆಮ್ಲ ತಯಾರಿಕೆಯನ್ನೇ ತಡೆಯುವ ಪಿ-3ಎಫ್ಎಎಕ್ಸ್ ಅಣುವನ್ನು ಇಲಿಗಳಿಗೆ ಇಡೀ ದೇಹಕ್ಕೆ ಹರಡುವಂತೆ ಕೊಟ್ಟಾಗ ಮೂತ್ರಪಿಂಡ ಕೆಟ್ಟಿದ್ದು ಗೊತ್ತಿರೋದೇ. ಗಡ್ಡೆಯೊಳಗೇ ಚುಚ್ಚಿದಾಗ ಮಾತ್ರ ಸಿಡಿ8 ಕೋಶಗಳಿಗೆ ಅನುಕೂಲವಾಯಿತು. ಗುರಿಯಿಲ್ಲದ ಕತ್ತರಿ ಔಷಧವಲ್ಲ.

ಎನ್‌ಕೆ_ಬಳಗ
ಅದಕ್ಕೇ ತಾನೇ ಆ್ಯಂಟಿಬಾಡಿಗೆ ಜೋಡಿಸುವುದು! ಗ್ಯಾಲೆಕ್ಟಿನ್ ಅಪಾಯ ಒಪ್ಪುತ್ತೇನೆ, ಆದರೆ ಕತ್ತರಿ ಗಡ್ಡೆ ಕೋಶಕ್ಕೆ ಸೀಮಿತವಾದರೆ ಟಿ ಕೋಶದ ಆಲ್ಫಾ-2,6 ಉಳಿಯುತ್ತೆ.

ರಸಾಯನಿ
ಕಿಣ್ವಕ್ಕೆ ಗುರಿಯ ಕೋಶ ಯಾವುದು, ಪಕ್ಕದ್ದು ಯಾವುದು ಅಂತ ಗೊತ್ತಾಗಲ್ಲ. ಅದರ ಸ್ವಂತ ಹಿಡಿತ ಬಲವಾಗಿದ್ದರೆ ದಾರಿಯಲ್ಲಿ ಸಿಕ್ಕ ಕೋಶವನ್ನೆಲ್ಲ ಕತ್ತರಿಸುತ್ತೆ. ಗುರಿ ಸಿಗೋದು ಕಿಣ್ವದ ಹಿಡಿತ ದುರ್ಬಲವಾಗಿ, ಆ್ಯಂಟಿಬಾಡಿಯ ಹಿಡಿತ ಬಲವಾಗಿದ್ದಾಗ. ಆ ಅಳತೆ ಕೊಡದೆ 'ಗುರಿ ಇದೆ' ಅಂದರೆ ಒಪ್ಪೋದು ಕಷ್ಟ.

ಪ್ರೋಟೀನ್‌ಪಟ್ಟಿ
ಇಬ್ಬರೂ ಸಿಯಾಲಿಕ್ ಆಮ್ಲ ಅಂತ ಒಂದೇ ಹೆಸರು ಹಿಡಿದು ಜಗ್ಗಾಡ್ತಿದ್ದೀರಿ. ಅದು ಯಾವ ಪ್ರೋಟೀನ್ ಮೇಲೆ ಕೂತಿದೆ ಅನ್ನೋದು ಅಷ್ಟೇ ಮುಖ್ಯ. ಸಿಗ್ಲೆಕ್-9ಕ್ಕೆ ಎಂಯುಸಿ16 ಮತ್ತು ಸಿಯಾಲಿಕ್ ಆಮ್ಲ ಹೊತ್ತ ಎಂಯುಸಿ1 (ಇವೆರಡೂ ಮ್ಯೂಸಿನ್, ಅಂದರೆ ಸಕ್ಕರೆ ದಟ್ಟವಾಗಿ ಹೊತ್ತ ಉದ್ದ ಪ್ರೋಟೀನ್), ಸಿಗ್ಲೆಕ್-10ಕ್ಕೆ ಸಿಡಿ24, ರಕ್ತ ಕ್ಯಾನ್ಸರ್ ಕೋಶಗಳಲ್ಲಿ ಸಿಗ್ಲೆಕ್-7ಕ್ಕೆ ಸಿಡಿ43. ಸಿಡಿ24 ಮತ್ತು ಸಿಗ್ಲೆಕ್-10ರ ಕೊಂಡಿ 2019ರಲ್ಲಿ ನೇಚರ್‌ನಲ್ಲಿ ಬಂತು: ಅದನ್ನು ತಡೆದರೆ ಮ್ಯಾಕ್ರೋಫೇಜ್ ಕ್ಯಾನ್ಸರ್ ಕೋಶವನ್ನು ನುಂಗುತ್ತೆ.

ಹೊತ್ತಿರುವುದು ಮ್ಯೂಸಿನ್ನೇ ಎಂದು ತಿಳಿಯಲು ಒಂದು ಒಳ್ಳೆಯ ದಾರಿ ಇದೆ. ಒಂದು ಟ್ಯೂಬ್‌ಗೆ ಸಿಯಾಲಿಡೇಸ್, ಇನ್ನೊಂದಕ್ಕೆ ಮ್ಯೂಸಿನ್ ಕತ್ತರಿಸುವ ಎಸ್‌ಟಿಸಿಇ ಮ್ಯೂಸಿನೇಸ್ ಹಾಕಿ, ಎರಡಕ್ಕೂ ಸಿಗ್ಲೆಕ್-ಎಫ್‌ಸಿ (ಆ್ಯಂಟಿಬಾಡಿಯ ಬಾಲಕ್ಕೆ, ಅಂದರೆ ಎಫ್‌ಸಿಗೆ, ಜೋಡಿಸಿದ ಸಿಗ್ಲೆಕ್) ಕೊಟ್ಟು ನೋಡಿ. ಎರಡರಲ್ಲೂ ಸಿಗ್ಲೆಕ್ ಅಂಟುವುದು ಕಡಿಮೆಯಾದರೆ ಸಿಯಾಲಿಕ್ ಆಮ್ಲ ಮ್ಯೂಸಿನ್ ಮೇಲಿದೆ. ಸಿಯಾಲಿಡೇಸ್‌ನಲ್ಲಿ ಮಾತ್ರ ಕಡಿಮೆಯಾದರೆ ಬೇರೆಡೆ, ಬಹುಶಃ ಗ್ಯಾಂಗ್ಲಿಯೊಸೈಡ್‌ನಲ್ಲಿ (ಸಿಯಾಲಿಕ್ ಆಮ್ಲ ಹೊತ್ತ ಕೊಬ್ಬು) ಹುಡುಕಿ.

ಲೆಕ್ಟಿನ್‌ಪ್ರಿಯ
ಸಿಗ್ಲೆಕ್-ಎಫ್‌ಸಿ ಬಳಸುವಾಗ ಬಿಡಿ ಅಣು ಹಾಕಿದರೆ ಹಿಡಿತ ಸಾಲದು, ತೊಳೆದಾಗ ಹೊರಟುಹೋಗುತ್ತೆ. ಬಣ್ಣ ಹೊತ್ತ ಆ್ಯಂಟಿ-ಎಫ್‌ಸಿ ಜೊತೆ ಮೊದಲೇ ಬೆರೆಸಿ ಗುಚ್ಛ ಮಾಡಿಕೊಂಡು ಹಾಕಿ. ಜೊತೆಗೆ ಸಿಯಾಲಿಕ್ ಆಮ್ಲ ಹಿಡಿಯುವ ಆರ್ಜಿನಿನ್ ಬದಲಿಸಿದ ರೂಪ ಕಡ್ಡಾಯ: ಸಿಗ್ಲೆಕ್-7ರಲ್ಲಿ 124ನೆಯದು, ಸಿಗ್ಲೆಕ್-9ರಲ್ಲಿ 120ನೆಯದು. ಆ ರೂಪವೂ ಅಂಟಿದರೆ ನೀವು ಅಳೆಯುತ್ತಿರುವುದು ಸಕ್ಕರೆಯನ್ನಲ್ಲ, ಎಫ್‌ಸಿ ಗ್ರಾಹಕವನ್ನು.

ಸೂಕ್ಷ್ಮದರ್ಶಿ
ವಿಷಯ ಸ್ವಲ್ಪ ಪಕ್ಕಕ್ಕೆ, ಆದರೆ ಹೇಳಲೇಬೇಕು. ಔಷಧದ ಆ್ಯಂಟಿಬಾಡಿಯ ಮೇಲೂ ಸಕ್ಕರೆ ಇದೆ. ಎಫ್‌ಸಿ ಭಾಗದ 297ನೇ ಆಸ್ಪರಜಿನ್ ಮೇಲಿನ ಸರಪಳಿಯಿಂದ ಫ್ಯೂಕೋಸ್ ಸಕ್ಕರೆ ತೆಗೆದರೆ ಎನ್‌ಕೆ ಕೋಶದ ಸಿಡಿ16 ಗ್ರಾಹಕ ಬಿಗಿಯಾಗಿ ಹಿಡಿಯುತ್ತೆ. ಮೊಗಾಮುಲಿಜುಮ್ಯಾಬ್‌ನಲ್ಲಿ ಬೇಕೆಂದೇ ಹಾಗೆ ಮಾಡಿದ್ದಾರೆ. ಅಟೆಜೊಲಿಜುಮ್ಯಾಬ್‌ನಲ್ಲಿ ಆ ಸರಪಳಿಯೇ ಕೂರದಂತೆ ಮಾಡಿದ್ದಾರೆ, ಪಿಡಿ-ಎಲ್1 ಇರುವ ಒಳ್ಳೆಯ ಪ್ರತಿರಕ್ಷಾ ಕೋಶಗಳು ಬಲಿಯಾಗದಿರಲಿ ಅಂತ. ಒಂದು ಗಡ್ಡೆಯಲ್ಲಿ ಎರಡು ಪಿಡಿ-ಎಲ್1 ಔಷಧ ಹೋಲಿಸುವಾಗ ಇದನ್ನು ಮರೆಯಬೇಡಿ: ಅವೆಲುಮ್ಯಾಬ್‌ನಲ್ಲಿ ಸರಪಳಿ ಇದೆ, ಅಟೆಜೊಲಿಜುಮ್ಯಾಬ್‌ನಲ್ಲಿ ಇಲ್ಲ.

ಔಷಧಸೂತ್ರ
ಸೆಟುಕ್ಸಿಮ್ಯಾಬ್ ಎಂಬ ಕ್ಯಾನ್ಸರ್ ಆ್ಯಂಟಿಬಾಡಿಯದ್ದೂ ಸೇರಿಸಿ. ಅದರ ಗುರಿ ಹಿಡಿಯುವ ಫ್ಯಾಬ್ ಭಾಗದಲ್ಲಿ ಆಲ್ಫಾ-ಗ್ಯಾಲ್ ಸಕ್ಕರೆ ಇದ್ದು, ಉಣ್ಣಿ ಹುಳ ಕಚ್ಚಿ ಆಲ್ಫಾ-ಗ್ಯಾಲ್ ವಿರುದ್ಧ ಐಜಿಇ (ಅಲರ್ಜಿಯ ಆ್ಯಂಟಿಬಾಡಿ) ಬೆಳೆದವರಲ್ಲಿ ಮೊದಲ ಡೋಸ್‌ಗೇ ತೀವ್ರ ಅಲರ್ಜಿ ಆಗಿದೆ. ಆ ಐಜಿಇಗೂ ಈ ಅಲರ್ಜಿಗೂ ಇರುವ ನಂಟು 2008ರಲ್ಲಿ ಪ್ರಕಟವಾಯಿತು.

ಪದರ
ಇದೆಲ್ಲ ಬೇಕಾದ ಮಾಹಿತಿಯೇ. ಮೂಲಕ್ಕೆ ಬರೋಣ: ಟಿ ಕೋಶಕ್ಕೆ ಸಿಗ್ಲೆಕ್ ಇಲ್ಲದಿದ್ದರೂ ಸಕ್ಕರೆ ಅಡ್ಡ ಬರುವ ಬೇರೆ ದಾರಿ ಇದೆಯೇ?

ಪ್ರೋಟೀನ್‌ಪಟ್ಟಿ
ಇದೆ, ನನ್ನ ಪ್ರಕಾರ ಅದೇ ಹೆಚ್ಚು ಕಡೆಗಣಿಸಲ್ಪಟ್ಟ ದಾರಿ. ಟಿ ಕೋಶ ನೋಡೋದು ಎಚ್‌ಎಲ್‌ಎ ಕ್ಲಾಸ್-1 (ಕೋಶದೊಳಗಿನ ಪ್ರೋಟೀನ್ ತುಣುಕನ್ನು ಹೊರಗೆ ತೋರಿಸುವ ಅಣು) ಮೇಲಿನ ಪೆಪ್ಟೈಡನ್ನು. ಕೋಶದಲ್ಲಿ ಎಸ್‌ಪಿಪಿಎಲ್3 ಅನ್ನೋ ಪ್ರೋಟಿಯೇಸ್ ಗಾಲ್ಜಿಯ ಸಕ್ಕರೆ ಕಿಣ್ವಗಳನ್ನು ಕತ್ತರಿಸಿ ಹದ್ದಿನಲ್ಲಿಡುತ್ತೆ. ಅದು ಹೋದರೆ ಬಿ3ಜಿಎನ್‌ಟಿ5 ಎಂಬ ಸಕ್ಕರೆ ಕಿಣ್ವ ಏರುತ್ತೆ, ಉದ್ದುದ್ದ ಗ್ಲೈಕೋಸ್ಫಿಂಗೋಲಿಪಿಡ್‌ಗಳು (ಸಕ್ಕರೆ ಹೊತ್ತ ಕೊಬ್ಬು) ಪೊರೆಯ ಮೇಲೆ ಬೆಳೆದು ಎಚ್‌ಎಲ್‌ಎಯನ್ನು ಮುಚ್ಚುತ್ತವೆ. ಎಚ್‌ಎಲ್‌ಎ ಪ್ರಮಾಣ ಹಾಗೇ ಇರುತ್ತೆ, ಆದರೆ ಎಟಕಲ್ಲ. 2021ರಲ್ಲಿ ಇಮ್ಯುನಿಟಿ ಪತ್ರಿಕೆಯಲ್ಲಿ ಬಂದ ಕೆಲಸ ಇದು. ಈ ಲಿಪಿಡ್ ತಯಾರಿಕೆಯನ್ನು ಮಿಗ್ಲುಸ್ಟ್ಯಾಟ್ ಔಷಧದಿಂದ ತಡೆದಾಗ ಟಿ ಕೋಶದ ಪ್ರತಿಕ್ರಿಯೆ ಹೆಚ್ಚಿತು.

ಅದೇ ಎಸ್‌ಪಿಪಿಎಲ್3 ಹೋದಾಗ ರಕ್ತ ಕ್ಯಾನ್ಸರ್ ಕೋಶದ ಸಿಡಿ19 ಪ್ರೋಟೀನ್ ಮೇಲೆ ಸಕ್ಕರೆ ಮಿತಿಮೀರಿ, ಅದನ್ನು ಹಿಡಿಯಲೆಂದೇ ಜೀನ್ ಬದಲಿಸಿ ರೂಪಿಸಿದ ಸಿಎಆರ್-ಟಿ ಕೋಶಗಳು ಹಿಡಿತ ಕಳೆದುಕೊಳ್ಳುವುದನ್ನೂ 2022ರಲ್ಲಿ ತೋರಿಸಿದ್ದಾರೆ. ಹಾಗಾಗಿ ಫ್ಲೋನಲ್ಲಿ 'ಆ್ಯಂಟಿಜನ್ ಕಳೆದುಹೋಗಿದೆ' ಅನಿಸಿದರೆ ಪ್ರೋಟೀನ್ ನಿಜವಾಗಿ ಹೋಗಿದೆಯೋ, ಅಥವಾ ಸಕ್ಕರೆಯ ಮರೆಯಲ್ಲಿದೆಯೋ ಅಂತ ಬ್ಲಾಟ್ ಮಾಡಿ ನೋಡಿ. ಪಟ್ಟಿ ಮೇಲಕ್ಕೆ ಸರಿದಿದ್ದರೆ ಉತ್ತರ ಸಿಕ್ಕಿತು.

ಎನ್‌ಕೆ_ಬಳಗ
ಇದಕ್ಕೆ ದಪ್ಪದ ಲೆಕ್ಕವೂ ಸೇರುತ್ತೆ. ಗ್ಲೈಕೋಕ್ಯಾಲಿಕ್ಸ್ ಪದರ (ಕೋಶದ ಹೊರಮೈಯ ಸಕ್ಕರೆ ಹೊದಿಕೆ) 10 ನ್ಯಾನೋಮೀಟರ್‌ನಷ್ಟು ಬದಲಾದರೂ ಪ್ರತಿರಕ್ಷಾ ಕೋಶದ ದಾಳಿಯಲ್ಲಿ ವ್ಯತ್ಯಾಸ ಕಾಣುತ್ತೆ. ಟಿ ಕೋಶದ ಗ್ರಾಹಕ ಮತ್ತು ಎಚ್‌ಎಲ್‌ಎ ಕೈಕೂಡಿದಾಗ ಎರಡು ಪೊರೆಗಳ ನಡುವಿನ ಅಂತರ ಸುಮಾರು 15 ನ್ಯಾನೋಮೀಟರ್. ಅದರೊಳಗೆ ಉದ್ದ ಮ್ಯೂಸಿನ್ ನಿಂತರೆ ಎರಡೂ ಹತ್ತಿರ ಬರೋದು ಹೇಗೆ? ಇದಕ್ಕೆ ಸಿಗ್ಲೆಕ್ ಬೇಕೇ ಇಲ್ಲ.

ರಸಾಯನಿ
ಒಪ್ಪಿದೆ. ಇದನ್ನೇ ನಾನೂ ಹೇಳಬೇಕೆಂದಿದ್ದೆ.

ಹೊಸ_ಓದುಗ
ಹಾಗಾದರೆ ರೋಗಿಗೆ ಇಮ್ಯುನೋಥೆರಪಿ ಕೊಡುವ ಮೊದಲು ಗ್ಲೈಕನ್ ಪರೀಕ್ಷೆ ಕೇಳಬಹುದಾ? ರಕ್ತದಲ್ಲಿ ಅಳೆಯುವ ಕ್ಯಾನ್ಸರ್ ಸೂಚಕ ಸಿಎ19-9 ಕೂಡ ಸಕ್ಕರೆಯೇ ಅಂತ ಓದಿದ್ದೆ.

ಸೂಕ್ಷ್ಮದರ್ಶಿ
ಸಿಎ19-9 ಸಕ್ಕರೆಯೇ, ಸಿಯಾಲಿಲ್ ಲೂಯಿಸ್-ಎ. ಆದರೆ ಅದು ರೋಗದ ಏರಿಳಿತ ಗಮನಿಸಲು, ಇಮ್ಯುನೋಥೆರಪಿ ಆಯ್ಕೆಗೆ ಅಲ್ಲ. ಹುಟ್ಟಿನಿಂದ, ಅದನ್ನು ಕಟ್ಟುವ ಎಫ್‌ಯುಟಿ3 ಕಿಣ್ವ ಕೆಲಸ ಮಾಡದವರಲ್ಲಿ ಗಡ್ಡೆ ಎಷ್ಟೇ ದೊಡ್ಡದಿದ್ದರೂ ಅದು ಏರುವುದಿಲ್ಲ. ಪಿಡಿ-ಎಲ್1 ಸ್ಲೈಡಿನ ಸಕ್ಕರೆ ತೆಗೆದು ಬಣ್ಣ ಹಾಕುವುದು ಇವತ್ತಿಗೂ ಸಂಶೋಧನೆಯ ವಿಧಾನ. 50% ಅಥವಾ 1% ಎಂಬ ಗಡಿಗಳು ನಿಂತಿರೋದು ಸಕ್ಕರೆ ತೆಗೆಯದ ಸ್ಲೈಡ್‌ಗಳ ಮೇಲೆ. ಸಕ್ಕರೆ ತೆಗೆದ ಸ್ಲೈಡಿನ ಅಂಕೆಯನ್ನು ಆ ಗಡಿಗೆ ಹೋಲಿಸಿ ಚಿಕಿತ್ಸೆ ನಿರ್ಧರಿಸುವಂತಿಲ್ಲ.

ಸಕ್ಕರೆಯನ್ನೇ ನೇರ ಗುರಿ ಮಾಡಿದ, ಬಳಕೆಯಲ್ಲಿರುವ ಚಿಕಿತ್ಸೆ ಬೇಕೆಂದರೆ ಮಕ್ಕಳ ನರ ಕ್ಯಾನ್ಸರ್ ಆದ ನ್ಯೂರೋಬ್ಲಾಸ್ಟೋಮಾ ನೋಡಿ: ಡಿನುಟುಕ್ಸಿಮ್ಯಾಬ್, 2015ರಲ್ಲಿ ಅಮೆರಿಕದ ಎಫ್‌ಡಿಎ ಒಪ್ಪಿಗೆ. ಗುರಿ ಜಿಡಿ2 ಗ್ಯಾಂಗ್ಲಿಯೊಸೈಡ್. ಜಿಡಿ2 ನೋವಿನ ನರಗಳ ಮೇಲೂ ಇರುವುದರಿಂದ ಔಷಧ ಹರಿಯುವಾಗ ಮಕ್ಕಳಿಗೆ ತೀವ್ರ ನೋವು, ಅದಕ್ಕೆ ಓಪಿಯಾಯ್ಡ್ ಜೊತೆಗೇ ಕೊಡಬೇಕು. ಜಿಡಿ2 ಸಿಗ್ಲೆಕ್-7ಕ್ಕೂ ಅಂಟುತ್ತೆ ಎಂಬುದು ಆಮೇಲೆ ಗೊತ್ತಾಯಿತು.

ರಸಾಯನಿ
ಇಲಿಯ ಫಲಿತಾಂಶ ಓದುವವರಿಗೆ ಒಂದು ಮಾತು. ಇಲಿಯಲ್ಲಿ ಸಿಗ್ಲೆಕ್-7, 9 ಇಲ್ಲ, ಹತ್ತಿರದ ಕೆಲಸ ಮಾಡೋದು ಸಿಗ್ಲೆಕ್-ಇ. ಇಲಿಗೆ ಎನ್-ಗ್ಲೈಕೊಲಿಲ್ ಸಿಯಾಲಿಕ್ ಆಮ್ಲ ತಯಾರಿಸುವ ಸಿಎಂಎಎಚ್ ಕಿಣ್ವ ಇದೆ, ಮನುಷ್ಯನಲ್ಲಿ ಅದು ಕೆಟ್ಟಿದೆ. ಮನುಷ್ಯ ಕೋಶಗಳನ್ನು ಕರುವಿನ ಸೀರಮ್‌ನಲ್ಲಿ ಬೆಳೆಸಿದರೆ ಅದೇ ಪರಕೀಯ ಸಿಯಾಲಿಕ್ ಆಮ್ಲವನ್ನು ಹೀರಿ ತಮ್ಮ ಸರಪಳಿಗೆ ಸೇರಿಸಿಕೊಳ್ಳುತ್ತವೆ.

ಪದರ
ಸರಿ, ಮುಂದಿನ ಪ್ರಯೋಗ ಹೀಗೆ: ಗಡ್ಡೆಯಿಂದಲೇ ತೆಗೆದ ಸಿಡಿ8 ಕೋಶ, ಮೊದಲು ಸಿಗ್ಲೆಕ್-9 ಮತ್ತು ಪಿಡಿ-1 ಫ್ಲೋ. ಗುರಿ ಕೋಶಕ್ಕೆ ಸಕ್ರಿಯ ಸಿಯಾಲಿಡೇಸ್, ಕುದಿಸಿದ ಸಿಯಾಲಿಡೇಸ್, ಬಫರ್ ಮಾತ್ರ. ಎಸ್‌ಎನ್‌ಎ ಮತ್ತು ಪಿಎನ್‌ಎ ಎರಡೂ. ಪ್ರತಿ ಗುಂಪಿಗೂ ಪಿಡಿ-1 ಆ್ಯಂಟಿಬಾಡಿ ಇದ್ದದ್ದು, ಇಲ್ಲದ್ದು. ಏನಾದರೂ ಬಿಟ್ಟಿದ್ದೇನಾ?

ಎನ್‌ಕೆ_ಬಳಗ
ಕಿಣ್ವ ಹಾಕಿದ ಮೇಲೆ ಗುರಿ ಕೋಶಗಳನ್ನು ಮೂರು ಸಲ ತೊಳೆಯಿರಿ. ಉಳಿದ ಕಿಣ್ವ ಟಿ ಕೋಶದ ಮೇಲಿನ ಸಿಯಾಲಿಕ್ ಆಮ್ಲವನ್ನೂ ಕತ್ತರಿಸುತ್ತೆ. ಆಗ ಟಿ ಕೋಶದ ಪ್ರಚೋದಕ ಗ್ರಾಹಕ ಸಿಡಿ28ನ ಕೊಂಡಿ ಸುಲಭವಾಗಿ ಟಿ ಕೋಶ ತಾನಾಗಿಯೇ ಚುರುಕಾಗುತ್ತೆ, ಶ್ರೇಯಸ್ಸು ತಪ್ಪಾಗಿ ಗುರಿ ಕೋಶಕ್ಕೆ ಹೋಗುತ್ತೆ. ಕೊನೆಯ ತೊಳೆತದ ದ್ರವವನ್ನು ತಾಜಾ ಟಿ ಕೋಶಗಳ ಮೇಲೆ ಹಾಕಿ ಪಿಎನ್‌ಎ ನೋಡಿ. ಏರಿದರೆ ಇನ್ನೂ ತೊಳೆಯಬೇಕು.

ಲೆಕ್ಟಿನ್‌ಪ್ರಿಯ
ಸಮಯವೂ ನೋಡ್ಕೊಳ್ಳಿ. ಕೋಶ ಹೊಸ ಸಿಯಾಲಿಕ್ ಆಮ್ಲ ಕಟ್ಟಿಕೊಳ್ಳುತ್ತಾ ಹೋಗುತ್ತೆ. ನಾಲ್ಕು ಗಂಟೆಯ ಎನ್‌ಕೆ ಪ್ರಯೋಗಕ್ಕೆ ತೊಂದರೆ ಇಲ್ಲ, ಆದರೆ ಎರಡು ಮೂರು ದಿನದ ಟಿ ಕೋಶ ಪ್ರಯೋಗದ ಕೊನೆಗೆ ಎಸ್‌ಎನ್‌ಎ ಮತ್ತೆ ಏರಿರುತ್ತೆ. ನಿಮ್ಮ ಮೊದಲ ಪ್ರಯೋಗದಲ್ಲಿ ಏನೂ ಅಲ್ಲಾಡದೇ ಇದ್ದಿದ್ದಕ್ಕೆ ಇದೂ ಕಾರಣ ಇರಬಹುದು. ಉದ್ದ ಪ್ರಯೋಗಕ್ಕೆ, ಸಿಯಾಲಿಕ್ ಆಮ್ಲ ಕಟ್ಟಲು ಬೇಕಾದ ಸಿಎಂಎಎಸ್ ಅಥವಾ ಜಿಎನ್‌ಇ ಜೀನ್ ತೆಗೆದ ಕೋಶಗಳೇ ಸರಿ. ಜಿಎನ್‌ಇ ತೆಗೆದರೆ ಮಾತ್ರ ಸೀರಮ್ ಬೇಡ, ಸೀರಮ್‌ನಿಂದ ಸಿಯಾಲಿಕ್ ಆಮ್ಲ ಎತ್ತಿಕೊಂಡು ಕೋಶ ಮತ್ತೆ ಹೊದ್ದುಕೊಳ್ಳುತ್ತೆ. ಸಿಎಂಎಎಸ್ ತೆಗೆದದ್ದರಲ್ಲಿ ಆ ತಾಪತ್ರಯ ಇಲ್ಲ.

ಪದರ
ಸಿಎಂಎಎಸ್‌ನಿಂದಲೇ ಶುರು ಮಾಡ್ತೀನಿ. ಎಚ್‌ಎಲ್‌ಎ ಮುಚ್ಚಿಕೊಂಡಿದೆಯೋ ನೋಡಲು ಮಿಗ್ಲುಸ್ಟ್ಯಾಟ್ ಗುಂಪೂ ಪಕ್ಕದಲ್ಲಿ ಇರಲಿ.

ಪ್ರೋಟೀನ್‌ಪಟ್ಟಿ
ಮಿಗ್ಲುಸ್ಟ್ಯಾಟ್ ಹಿಂದಿನ ದಿನ ಹಾಕಿದರೆ ಸಾಲದು, ಹಳೆಯ ಲಿಪಿಡ್ ಪೊರೆಯಿಂದ ಹೋಗಲು ಸಮಯ ಬೇಕು. ಕೆಲವು ದಿನ ಮುಂಚಿನಿಂದಲೇ ಇಟ್ಟು, ಎಚ್‌ಎಲ್‌ಎಗೆ ಡಬ್ಲ್ಯು6/32 ಕ್ಲೋನ್‌ನಿಂದ ಫ್ಲೋ ಮಾಡಿ, ಅದೇ ಕೋಶದ ಒಟ್ಟು ಎಚ್‌ಎಲ್‌ಎ ಬ್ಲಾಟ್ ಕೂಡ ಮಾಡಿ. ಬ್ಲಾಟ್ ಸಮ ಇದ್ದು ಫ್ಲೋ ಏರಿದರೆ ಮುಚ್ಚಿಕೆ ತೆರೆದಿದೆ. ಎರಡೂ ಏರಿದರೆ ಅದು ಬೇರೆ ಸಂಗತಿ.